ದೊಡ್ಡವ್ವ ತಿಕ್ಕಿದ ಫ್ರೆಂಚ್ ಬೆಳ್ಳಿ

ಮನೆಯಲ್ಲಿ ಏನಾದರೂ ಕಡಿಮೆಯಾದರೆ ಮೊದಲು ಸೊಸೆಯ ಮುಖ ನೋಡುವ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೊಸೆ ಬಂದು ನಲವತ್ತು ವರ್ಷವಾಗಿರಲಿ, ಅವಳ ತಲೆ ನೆರೆತಿರಲಿ, ಅತ್ತೆ ಮಾವನ ಕೊನೆಗಾಲದ ಸೇವೆಯನ್ನೆಲ್ಲ ಅವಳೊಬ್ಬಳೇ ಮಾಡಿರಲಿ, ಅದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಹೊರಗಿನಿಂದ ಬಂದವಳು ಹೊರಗಿನವಳೇ. ನನ್ನ ದೊಡ್ಡವ್ವನಿಗೆ ಹೀಗೆಯೇ ಆಯಿತು. ಅವಳ ಮೇಲೆ ಬಂದ ಅಪವಾದ ಬೆಳ್ಳಿ ಚಮಚಗಳದ್ದು. ಅದೂ ನಮ್ಮ ಕಡೆಯ ಬೆಳ್ಳಿಯಲ್ಲ, ಫ್ರಾನ್ಸ್ ದೇಶದ ಬೆಳ್ಳಿ.

ನಮ್ಮದು ಮರಾಠಿ ಸೀಮೆಯ ನಿಲಂಗಾದ ಐನೋರ ಮನೆತನ. ಸುತ್ತಲಿನ ಭಕ್ತರ ಮನೆಗಳಲ್ಲಿ ಮಗು ಹುಟ್ಟಿದರೆ ಲಿಂಗ ಕಟ್ಟುವುದು, ಮದುವೆ ಮಾಡಿಸುವುದು, ಸತ್ತರೆ ಮಣ್ಣು ಮಾಡಿಸುವುದು ನಮ್ಮವರ ಕೆಲಸ. ಮನೆಯ ಹಿಂದೆ ನಮ್ಮ ಹಿರಿಯರೊಬ್ಬರ ಸಮಾಧಿ ಇದೆ, ಅದನ್ನು ಗದ್ದುಗೆ ಅನ್ನುತ್ತೇವೆ. ನನ್ನ ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಳು. ನನ್ನ ತಲೆ ಬಾಚಿ, ಬೈದು, ಬಡಿದು ಬೆಳೆಸಿದವಳು ದೊಡ್ಡಪ್ಪನ ಹೆಂಡತಿ, ದೊಡ್ಡವ್ವ. ಈಗ ದೊಡ್ಡಪ್ಪನೂ ಇಲ್ಲ, ನನ್ನ ಅಪ್ಪನೂ ಇಲ್ಲ. ಉಳಿದ ಗಂಡಸೆಂದರೆ ಅಪ್ಪನ ತಮ್ಮ, ಉದಗೀರದಲ್ಲಿ ಮನೆ ಮಾಡಿಕೊಂಡಿರುವ ಕಾಕಾ. ನಾನು ಉಮರ್ಗಾದ ಸೊಸೆ. ಅಲ್ಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ನಾನೂ ನನ್ನ ಗಂಡನೂ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತೇವೆ. ಬೆಸುಗೆ ಹಾಕುವ ಸೂಕ್ಷ್ಮ ಕೆಲಸವೆಲ್ಲ ನನ್ನದು, ದುಡ್ಡೆಣಿಸುತ್ತ ಗಲ್ಲೆಯ ಮೇಲೆ ಕೂರುವುದು ಅವನದು. ಆದರೂ ಬಂದ ಗಿರಾಕಿ ನನ್ನನ್ನು ಕಂಡು, "ಮಾಲಕರು ಎಲ್ಲಿ ಹೋಗ್ಯಾರ?" ಅಂತ ಕೇಳಿಯೇ ತೀರುತ್ತಾನೆ.

ಆ ಚಮಚಗಳು ನಮ್ಮ ಮನೆಗೆ ಬಂದದ್ದು ನಿಜಾಮರ ಕಾಲದಲ್ಲಿ. ದೊಡ್ಡ ಜಮೀನ್ದಾರನೊಬ್ಬ ಸಾಹೇಬರಿಗೆ ಊಟ ಹಾಕಬೇಕೆಂದು ಹೈದರಾಬಾದಿನಿಂದ ಕೊಂಡು ತಂದಿದ್ದನಂತೆ. ಸಾಹೇಬರು ಬರುವುದು ನಿಂತ ಮೇಲೆ ಪೆಟ್ಟಿಗೆ ಸಮೇತ ಗದ್ದುಗೆಗೆ ಅರ್ಪಿಸಿ ಪುಣ್ಯ ಕಟ್ಟಿಕೊಂಡ. ನಮ್ಮವರಿಗೆ ಅದರಲ್ಲಿ ಬೇಕಾದದ್ದು ಚಮಚ ಮಾತ್ರ. ದೊಡ್ಡ ಚಮಚಗಳನ್ನು ದಿನಾ ಭಕ್ತರಿಗೆ ಪಾದೋದಕ ಕೊಡಲು ಹಿಡಿದರು. ಸಣ್ಣವು ಹಬ್ಬ ಹುಣ್ಣಿಮೆಗೆ ಮಾತ್ರ ಹೊರಬರುತ್ತಿದ್ದವು. ಮುಳ್ಳಿನ ಚಮಚಗಳನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ಅವು ತಳದಲ್ಲೇ ಉಳಿದವು. ನಮ್ಮ ಅಜ್ಜ ಒಂದನ್ನು ಬೆನ್ನು ತುರಿಸಿಕೊಳ್ಳಲು ಇಟ್ಟುಕೊಂಡಿದ್ದ. ಅಗಲವಾದ, ತೂತು ತೂತಿನ ಒಂದು ಚಪ್ಪಟೆ ಸೌಟಿತ್ತು. ಅದರಿಂದ ಸ್ವಾಮಿಗಳ ತಾಟಿಗೆ ಹೋಳಿಗೆ ಬಡಿಸುವುದು ನಮ್ಮ ಮನೆಯ ದೊಡ್ಡ ಗೌರವ. ಅದು ಮೀನು ಬಡಿಸುವ ಸೌಟು ಎಂದು ನನಗೆ ಈಚೆಗೆ ಗೊತ್ತಾಯಿತು. ಮನೆಯಲ್ಲಿ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ.

ಈ ಬೆಳ್ಳಿಗೆ ಒಂದು ಕಟ್ಟಳೆ ಇತ್ತು. ಪಾದೋದಕದ ಸಾಮಾನನ್ನು ಮನೆಯ ಹಿರಿಯ ಸೊಸೆ ಒಬ್ಬಳೇ ಮುಟ್ಟಬೇಕು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಗದ್ದುಗೆಯ ವಿಭೂತಿಯಿಂದಲೇ ತಿಕ್ಕಬೇಕು. ಪೆಟ್ಟಿಗೆಯ ಚಾವಿ ಅವಳ ಸೊಂಟದಲ್ಲೇ ಇರಬೇಕು. ಗಂಡಸರು ಮುಟ್ಟುವಂತಿಲ್ಲ, ಮನೆಯ ಹೆಣ್ಣುಮಕ್ಕಳು ಮುಟ್ಟುವಂತಿಲ್ಲ, ಕಿರಿ ಸೊಸೆಯೂ ಮುಟ್ಟುವಂತಿಲ್ಲ. ಚಿಕ್ಕವಳಿದ್ದಾಗ ನಾನೊಮ್ಮೆ ಒಂದು ಚಮಚ ಎತ್ತಿಕೊಂಡು ಮುಖ ನೋಡಿಕೊಂಡಿದ್ದಕ್ಕೆ ದೊಡ್ಡವ್ವ ಕೈಮೇಲೆ ಫಟ್ಟನೆ ಹೊಡೆದಿದ್ದಳು. ಇದನ್ನು ಎಲ್ಲರೂ ದೊಡ್ಡ ಮಾನ ಅನ್ನುತ್ತಿದ್ದರು. ಒಬ್ಬಳ ಕೈಯಲ್ಲೇ ಎಲ್ಲ ಇಟ್ಟರೆ ನಾಳೆ ಹೆಚ್ಚುಕಡಿಮೆಯಾದಾಗ ದೂರಲಿಕ್ಕೂ ಅವಳೊಬ್ಬಳೇ ಸಿಗುತ್ತಾಳೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಅಥವಾ ಗಂಡಸರಿಗೆ ಹೊಳೆದಿತ್ತೋ ಏನೋ!

ಎರಡು ವರ್ಷದ ಹಿಂದೆ, ಶ್ರಾವಣದ ಹೊತ್ತಿಗೆ, ಗದ್ದುಗೆಗೆ ಬೆಳ್ಳಿಯ ಕವಚ ಮಾಡಿಸಬೇಕೆಂದು ಕಾಕಾ ಹೊರಟ. ಹಳೆಯ ಚಮಚಗಳನ್ನೇ ಕರಗಿಸಿದರಾಯಿತು ಅಂದ. ದೊಡ್ಡವ್ವ ಬೇಡ ಅನ್ನಲಿಲ್ಲ. ಶಿವನ ಬೆಳ್ಳಿ ಶಿವನಿಗೇ ಹೋಗಲಿ ಅಂದು ಪೆಟ್ಟಿಗೆ ಎತ್ತಿಕೊಟ್ಟಳು. ಕಾಕಾ ಅದನ್ನು ಉದಗೀರದ ಬೆಳ್ಳಿ ಬಂಗಾರದ ಸರಾಫನ ಹತ್ತಿರ ಒಯ್ದ. ಸರಾಫ ಒಂದೊಂದನ್ನೇ ಒರೆಗಲ್ಲಿಗೆ ಹಚ್ಚಿ, ಅರದಿಂದ ಗೀರಿ, ಎರಡು ಪಾಲು ಮಾಡಿದನಂತೆ. ಸಣ್ಣ ಚಮಚಗಳು ಬೆಳ್ಳಿ. ದೊಡ್ಡ ಚಮಚಗಳು ಒಳಗೆ ಹಿತ್ತಾಳೆ.

ಇಷ್ಟೇ ಆಗಿದ್ದರೆ ಮನೆಯೊಳಗಿನ ಮಾತಾಗಿ ಮುಗಿಯುತ್ತಿತ್ತು. ಕಾಕಾ ಹಾಗೆ ಮಾಡಲಿಲ್ಲ. ಶ್ರಾವಣದ ಮೊದಲ ಸೋಮವಾರ, ಪ್ರಸಾದಕ್ಕೆಂದು ಭಕ್ತರೆಲ್ಲ ಬಂದು ಪಡಸಾಲೆಯಲ್ಲಿ ಕೂತಿದ್ದಾಗ, ಪೆಟ್ಟಿಗೆ ತಂದು ನಡುವೆ ಸುರುವಿದ. ನಾನೂ ಉಮರ್ಗಾದಿಂದ ಹೋಗಿದ್ದೆ. ಬಿಳಿಯವು ಒಂದು ಗುಂಪು, ಬೆನ್ನು ಸವೆದು ಹಳದಿ ಕಂಡವು ಒಂದು ಗುಂಪು. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತನ್ನ ಅತ್ತಿಗೆ, ದೊಡ್ಡವ್ವನ ಕಡೆ ತಿರುಗಿದ.

"ವೈನಿ, ಬೆಳ್ಳಿ ಎಲ್ಲಿ ಹೋತ್ರಿ?"

ದೊಡ್ಡವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. "ಅಲ್ಲೇ ಅದಾವಲ್ರಿ, ಸಣ್ಣ ಅಯ್ನೋರ" ಅಂದಳು.

"ಇವು ಹಿತ್ತಾಳಿ ಅವರೀ. ಸರಾಫ ನೋಡ್ಯಾನ. ಹಾಲ್‌ಮಾರ್ಕ್ ಇಲ್ಲ, ಏನಿಲ್ಲ. ಅಕ್ಷರ ನೋಡ್ರಿ, ಹಿಂದಿನ ಮಗ್ಗಲಿಗೆ ಕೆತ್ಯಾರ. ಖರೇ ಮಾಲಿಗೆ ಯಾರರೇ ಹೆಸರು ಹಿಂದ ಕೆತ್ತತಾರೇನು?"

"ನಾ ಈ ಮನಿಗಿ ಬಂದಾಗಿಂದ ಇವೇ ಅದಾವ್ರಿ. ತಿಕ್ಕಿ ತಿಕ್ಕಿ ಹಳದಿ ಆಗ್ಯಾವ."

ಕಾಕಾ ಜನರ ಕಡೆ ತಿರುಗಿ ನಕ್ಕ. "ಬೆಳ್ಳಿ ತಿಕ್ಕಿದ್ರ ಬೆಳ್ಳಗ ಆಗ್ತದ್ರಿ. ಹಳದಿ ಆಗೋ ಬೆಳ್ಳಿ ಯಾವ ಊರಾಗ ಅದ?"

ಪಡಸಾಲೆಯಲ್ಲಿ ನಾಲ್ಕು ಜನ ನಕ್ಕರು. ಆ ನಗೆ ನನ್ನ ಕಿವಿಯಲ್ಲಿ ಇನ್ನೂ ಇದೆ. ನಕ್ಕವರಲ್ಲಿ ಇಬ್ಬರ ಮಕ್ಕಳ ಕೊರಳಿಗೆ ಲಿಂಗ ಕಟ್ಟುವಾಗ ತೊಟ್ಟಿಲ ಹತ್ತಿರ ಕೂತು ಮಗು ಹಿಡಿದವಳು ಇದೇ ದೊಡ್ಡವ್ವ. ನಾನು ಎದ್ದು, "ಕಾಕಾ, ಬಾಯಿ ಬಿಗಿ ಹಿಡಿದು ಮಾತಾಡ್ರಿ" ಅಂದೆ. "ನೀ ಕೊಟ್ಟ ಮನಿಯಾಕಿ, ಸುಮ್ಮ ಕೂಡು" ಅಂದ. ದೊಡ್ಡವ್ವ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಸೊಂಟದಿಂದ ಚಾವಿ ಬಿಚ್ಚಿ ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಅವಳು ಮುಟ್ಟಿ ನೋಡಿಕೊಳ್ಳಲಿಲ್ಲ, ಅದೂ ಅವಳ ತಪ್ಪಾಯಿತು. ಬಾಯಿ ಬಿಡಲಿಲ್ಲ ಅಂದಮೇಲೆ ತಪ್ಪು ಒಪ್ಪಿದಂತೆಯೇ ಎಂದು ಜನ ತೀರ್ಮಾನ ಮಾಡಿದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ. ಆ ವಾರ ಕಳೆಯುವುದರೊಳಗೆ ದೊಡ್ಡವ್ವ ಚಮಚ ಮಾರಿ ತನ್ನ ತವರಿಗೆ ಕೊಳವೆಬಾವಿ ಹಾಕಿಸಿಕೊಟ್ಟಳು ಎನ್ನುವ ತನಕ ಸುದ್ದಿ ಬೆಳೆಯಿತು. ಅವಳ ತವರಿನಲ್ಲಿ ಹೊಲವೇ ಇಲ್ಲ! ಒಂದು ಭಕ್ತರ ಮನೆಯಲ್ಲಿ ಕೂಸಿಗೆ ಲಿಂಗ ಕಟ್ಟುವ ಕಾರ್ಯವಿತ್ತು. ಕಾಕಾನ ಜೊತೆ ದೊಡ್ಡವ್ವನೂ ರೂಢಿಯಂತೆ ಹೋದಳು. ಆ ಮನೆಯಾಕೆ ಅವಳನ್ನು ಕಂಡು, ಪೂಜೆಗೆ ಇಟ್ಟಿದ್ದ ಬೆಳ್ಳಿ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೊಯ್ದು, ಸ್ಟೀಲಿನದು ತಂದಿಟ್ಟಳು. ದೊಡ್ಡವ್ವ ಇದನ್ನು ನನಗೆ ಫೋನಿನಲ್ಲಿ ಹೇಳಿದಳು. ಹೇಳುವಾಗ ಅವಳ ದನಿ ಬದಲಾಗಲಿಲ್ಲ, ಜೋಳದ ಹಿಟ್ಟು ಬೀಸಿಕೊಂಡು ಬಂದೆ ಅಂದಷ್ಟೇ ಸಹಜವಾಗಿ ಹೇಳಿದಳು. ಆ ದಿನದಿಂದ ಅವಳು ಯಾರ ಮನೆಗೂ ಹೋಗಲಿಲ್ಲ. ಐನೋರ ಮನೆಯ ಹೆಂಗಸಿಗೆ ಭಕ್ತರ ಮನೆ ತಪ್ಪಿತು ಅಂದರೆ ಅವಳಿಗೆ ಉಳಿಯುವುದು ಅಡಿಗೆಮನೆಯ ನಾಲ್ಕು ಗೋಡೆ ಮಾತ್ರ.

ನಾನು ಅಂಗಡಿ ಗಂಡನಿಗೆ ಬಿಟ್ಟು ಉದಗೀರಕ್ಕೆ ಹೋದೆ. ಕಾಕಾನ ಹತ್ತಿರ ಎರಡು ಚಮಚ ಕೇಳಿದೆ, ಆ ಗುಂಪಿನದೊಂದು, ಈ ಗುಂಪಿನದೊಂದು. "ಏನು ಮಾಡ್ತಿ ಒಯ್ದು?" ಅಂದ. "ನೋಡ್ತೀನ್ರಿ" ಅಂದೆ. "ಸರಾಫ ನೋಡಿದ್ದು ಸಾಕಾಗಲಿಲ್ಲೇನು? ಅಂವಗಿಂತ ಹೆಚ್ಚಿಗಿ ತಿಳೀತದೇನು ನಿನಗ?" ಅಂದ. ಸರಾಫ ನೋಡಿದ್ದು ಲೋಹ, ನಾನು ನೋಡಬೇಕಾದದ್ದು ಬೇರೆ ಎಂದು ಹೇಳುವಷ್ಟು ನನಗೂ ಆಗ ತಿಳಿದಿರಲಿಲ್ಲ. ಚಿಕ್ಕವಳಿದ್ದಾಗ ಆ ಚಮಚದ ಹಿಡಿಕೆಯ ಮೇಲೆ ಏನೋ ಸಣ್ಣ ಗುರುತು ಕಂಡ ನೆನಪು ಮಾತ್ರ ಇತ್ತು. ಅವನ ಹೆಂಡತಿ ಕಾಕಿ ಮರೆಯಲ್ಲಿ ಕಣ್ಸನ್ನೆ ಮಾಡಿ, ಅವನು ಚಹಾ ಕುಡಿಯುವಾಗ ಎರಡನ್ನೂ ಪೇಪರಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಳು. ಅವಳೂ ಒಬ್ಬಳು ಸೊಸೆಯೇ ತಾನೇ.

ಮೊಬೈಲಿನ ಬೋರ್ಡ್ ನೋಡಲು ನಮ್ಮ ಅಂಗಡಿಯಲ್ಲಿ ಒಂದು ಮೈಕ್ರೋಸ್ಕೋಪ್ ಇದೆ. ಕೆಳಗೆ ಇಟ್ಟದ್ದು ಮೇಲಿನ ಪರದೆಯಲ್ಲಿ ಅಂಗೈಯಗಲ ಕಾಣುತ್ತದೆ. ಮಧ್ಯಾಹ್ನ ಗಿರಾಕಿ ಕಡಿಮೆಯಿದ್ದ ಹೊತ್ತಿನಲ್ಲಿ ಬಿಳಿ ಚಮಚ ಇಟ್ಟು ನೋಡಿದೆ. ಸಾಸಿವೆಗಿಂತ ತುಸು ದೊಡ್ಡ ಗುರುತು ಪರದೆಯ ತುಂಬ ಹರಡಿತು. ಶಿರಸ್ತ್ರಾಣ ತೊಟ್ಟ ಒಬ್ಬ ಹೆಂಗಸಿನ ತಲೆ, ಮೂಗು ಚೂಪು, ಹಣೆಯ ಮುಂದೆ ಒಂದು ಎಂಬ ಅಂಕಿ. ಅದರ ಪಕ್ಕ ಶಂಕರಪಾಳಿ ತಿಂಡಿಯ ಆಕಾರದ ಸಣ್ಣ ಓರೆ ಚೌಕಟ್ಟು, ಒಳಗೆ ಎರಡು ಅಕ್ಷರ, ನಡುವೆ ಒಂದು ಜೇನುಹುಳ. ನಾನು ಬಾಯಿ ತೆರೆದು ನೋಡಿದೆ. ನೂರು ವರ್ಷ ನಮ್ಮ ಮನೆಯಲ್ಲೇ ಇದ್ದ ಈ ಹೆಂಗಸನ್ನು ನಾವು ಯಾರೂ ಕಂಡೇ ಇರಲಿಲ್ಲ.

ಆಮೇಲೆ ಹಳದಿ ಚಮಚ ಇಟ್ಟೆ. ಹೆಂಗಸಿನ ತಲೆ ಇಲ್ಲ. ಶಂಕರಪಾಳಿ ಇಲ್ಲ. ನೇರವಾದ ಚೌಕ, ಒಳಗೆ ಮಸುಕಾದ ಅಕ್ಷರ, ಪಕ್ಕದಲ್ಲಿ ಎಂಬತ್ತನಾಲ್ಕು ಎಂಬ ಅಂಕಿ. ಎರಡರ ಗುರುತೂ ಬೇರೆ ಬೇರೆ! ಇದನ್ನು ತೋರಿಸಿದರೆ ಕಾಕಾ ಕುಣಿದಾಡುತ್ತಾನೆ ಅನ್ನಿಸಿತು.

ನನ್ನ ಗಂಡ ಗಲ್ಲೆಯಿಂದ ಎದ್ದು ಬಂದು ಬಗ್ಗಿ ನೋಡಿದ. "ಚೌಕ ಇದ್ರೂ ಅದು ಛಾಪೇ ಅಲ್ಲೇನು? ನಿಲಂಗಾದಾಗ ಹಿತ್ತಾಳಿ ಚಮಚಕ್ಕ ಯಾರು ಇಂಥಾ ಛಾಪ ಹೊಡೀತಾರ? ಸರಿಯಾಗಿ ನೋಡು" ಅಂದ. ಮದುವೆಯಾದ ಮೇಲೆ ಅವನು ಆಡಿದ ಬುದ್ಧಿಯ ಮಾತುಗಳಲ್ಲಿ ಇದೂ ಒಂದು.

ಫೋಟೋ ತೆಗೆದು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಫ್ರೆಂಚ್ ನನಗೆ ಬಾರದು, ಫೋನು ತನಗೆ ತಿಳಿದಂತೆ ಅನುವಾದ ಮಾಡಿಕೊಡುತ್ತಿತ್ತು. ಓದುತ್ತಾ ಹೋದ ಹಾಗೆ ನನ್ನ ಸಿಟ್ಟು ಏರುತ್ತಾ ಹೋಯಿತು, ಯಾಕೆಂದರೆ ವಿಷಯ ಅಷ್ಟು ಸರಳವಾಗಿತ್ತು. ಆ ದೇಶದಲ್ಲಿ ಗಟ್ಟಿ ಬೆಳ್ಳಿ ಮಾಡುವವನು ತನ್ನ ಅಕ್ಷರಗಳನ್ನು ಶಂಕರಪಾಳಿ ಆಕಾರದೊಳಗೇ ಒತ್ತಬೇಕು, ಅದು ಕಾನೂನು. ಹೆಂಗಸಿನ ತಲೆ ಸರಕಾರದ ಗುರುತು. ಅವಳು ಅವರ ಹಳೆಯ ದೇವತೆ, ಬೆಳ್ಳಿಯನ್ನು ಪರೀಕ್ಷೆ ಮಾಡಿದ ಮೇಲೆಯೇ ಅವಳ ತಲೆ ಒತ್ತುತ್ತಾರೆ. ಹಣೆಯ ಮುಂದೆ ಒಂದು ಎಂದಿದ್ದರೆ ಮೊದಲ ದರ್ಜೆ, ಸಾವಿರಕ್ಕೆ ಒಂಬೈನೂರ ಐವತ್ತು ಪಾಲು ಬೆಳ್ಳಿ. ಬೇರೆ ಲೋಹದ ಮೇಲೆ ಬೆಳ್ಳಿಯ ಲೇಪ ಕೊಟ್ಟದ್ದಾದರೆ ಚೌಕದೊಳಗೇ ಅಕ್ಷರ ಒತ್ತಬೇಕು. ಕೊಳ್ಳುವವನಿಗೆ ಮೋಸ ಆಗಬಾರದೆಂದೇ ಈ ವ್ಯವಸ್ಥೆ. ಎಂಬತ್ತನಾಲ್ಕು ಅಂದರೆ ಒಂದು ಡಜನ್ನಿಗೆ ಅಷ್ಟು ಗ್ರಾಂ ಬೆಳ್ಳಿ ಲೇಪಿಸಿದ್ದಾರೆ ಎಂದು. ಒಳಗಿನ ಲೋಹವನ್ನು ಅವರು ಬಚ್ಚಿಟ್ಟಿರಲೇ ಇಲ್ಲ, ಚಮಚದ ಮೇಲೆಯೇ ಬರೆದು ಕಳಿಸಿದ್ದರು. ಹೆಸರನ್ನು ಹಿಂದೆ ಕೆತ್ತುವುದೂ ಮೋಸವಲ್ಲ. ಅವರು ಚಮಚವನ್ನು ಮೇಜಿನ ಮೇಲೆ ಬೋರಲು ಇಡುತ್ತಾರೆ, ಆದ್ದರಿಂದ ಹೆಸರು ಕಾಣುವುದು ಹಿಂದಿನ ಮಗ್ಗಲಲ್ಲೇ.

ಎರಡು ಚಮಚವನ್ನೂ ಬೋರಲು ಹಾಕಿ ಜೋಡಿಸಿ ನೋಡಿದೆ. ಎರಡರ ಬೆನ್ನಲ್ಲೂ ಕೊಂಡವನ ಹೆಸರಿನ ಅವೇ ಎರಡಕ್ಷರ, ಬಳ್ಳಿಯ ಹಾಗೆ ಹೆಣೆದದ್ದು. ಒಂದೇ ಕೈ ಕೆತ್ತಿದ್ದು. ಹಳದಿ ಚಮಚದ ಚೌಕವನ್ನು ದೀಪ ಓರೆ ಮಾಡಿ ಹಿಡಿದು ನೋಡಿದರೆ ಅಲ್ಲೂ ಅದೇ ಜೇನುಹುಳ. ಮಾಡಿದವನು ಒಬ್ಬನೇ, ಕೊಂಡವನೂ ಒಬ್ಬನೇ. ಜಮೀನ್ದಾರ ಸಣ್ಣವನ್ನು ಗಟ್ಟಿ ಬೆಳ್ಳಿಯಲ್ಲಿ ಕೊಂಡು, ದೊಡ್ಡವಕ್ಕೆ ಕೈ ಬಿಗಿ ಹಿಡಿದು ಲೇಪದ್ದನ್ನು ತಂದಿದ್ದ. ದೇವರಿಗೆ ಅರ್ಪಿಸುವಾಗ ಎಲ್ಲ ಬೆಳ್ಳಿಯೇ ಅಂದುಬಿಟ್ಟ. ಅವನ ಪುಣ್ಯಕ್ಕೆ ಇಷ್ಟು ವರ್ಷದ ಮೇಲೆ ಒಬ್ಬ ಹೆಂಗಸು ಕಳ್ಳಿಯಾದಳು.

ನನ್ನ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ದಿನಾ ಬಳಸುತ್ತಿದ್ದದ್ದು ದೊಡ್ಡ ಚಮಚ. ದಿನಾ ವಿಭೂತಿ ಹಾಕಿ ತಿಕ್ಕುತ್ತಿದ್ದದ್ದೂ ಅದನ್ನೇ. ಲೇಪ ಹೋದದ್ದು ಹಾಗೆ. ಸೋಮಾರಿ ಸೊಸೆ ಬಂದು ಎರಡು ದಿನಕ್ಕೊಮ್ಮೆ ನೀರಲ್ಲಿ ಅದ್ದಿ ಇಟ್ಟಿದ್ದರೆ ಚಮಚ ಇವತ್ತಿಗೂ ಬೆಳ್ಳಗಿರುತ್ತಿತ್ತು, ಅವಳ ಹೆಸರೂ ಬೆಳ್ಳಗಿರುತ್ತಿತ್ತು. ಒಂದು ದಿನ ತಪ್ಪಿಸದೆ ದುಡಿದಳು, ಅದೇ ಅವಳಿಗೆ ಮುಳುವಾಯಿತು.

ಶ್ರಾವಣದ ಕೊನೆಯ ಸೋಮವಾರ ಬೇಕೆಂದೇ ಎಲ್ಲರೂ ಸೇರುವ ಹೊತ್ತಿಗೆ ನಿಲಂಗಾಕ್ಕೆ ಹೋದೆ. ಗಂಡನೂ ಬಂದ. ಮೈಕ್ರೋಸ್ಕೋಪನ್ನೇ ಟವೆಲ್ಲಿನಲ್ಲಿ ಸುತ್ತಿ ಸರಕಾರಿ ಎಸ್ಟಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಒಯ್ದೆವು. ಅದೇ ಪಡಸಾಲೆ, ಅದೇ ಜನ, ಅದೇ ಜಾಗದಲ್ಲಿ ಇಟ್ಟು, ಕಾಕಾನಿಂದ ಪೆಟ್ಟಿಗೆ ತರಿಸಿ, ಒಂದೊಂದೇ ಚಮಚವನ್ನು ತೋರಿಸಿದೆ. ಹಳದಿ ಚಮಚಗಳಲ್ಲಿ ಬಹಳಷ್ಟರ ಚೌಕ ತಿಕ್ಕಿ ನುಣ್ಣಗಾಗಿತ್ತು. ಮೂರು ನಾಲ್ಕರಲ್ಲಿ ಮಾತ್ರ ಅಕ್ಷರ ಉಳಿದಿತ್ತು. ಅಷ್ಟೇ ಸಾಕಾಯಿತು. ಬೆನ್ನಿನ ಹೆಣೆದ ಅಕ್ಷರವನ್ನಂತೂ ಕನ್ನಡಕ ಇಲ್ಲದವರೂ ಕಂಡರು. ಅವತ್ತು ನಕ್ಕಿದ್ದವರಲ್ಲಿ ಒಬ್ಬ ಪರದೆಯ ಹತ್ತಿರ ಬಂದು, ಹೆಂಗಸಿನ ತಲೆಗೆ ಕೈಮುಗಿದ. "ದೇವಿ ಸಾಕ್ಷಿ ಹೇಳ್ಯಾಳ ನೋಡ್ರಿ" ಅಂದ. ನನಗೆ ಅವನ ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು.

ಕಾಕಾ ಕೆಮ್ಮಿದ. "ಆತು ಬಿಡ್ರಿ, ಗೈರಸಮಜ ಆಗಿತ್ತು" ಅಂದ. ಗೈರಸಮಜ! ತಪ್ಪು ತಿಳುವಳಿಕೆ ಎಂಬುದಕ್ಕೆ ನಮ್ಮ ಕಡೆ ಮರಾಠಿಯಿಂದ ಬಂದ ಈ ಮಾತು ಬಹಳ ಅನುಕೂಲದ್ದು. ಅದರಲ್ಲಿ ತಪ್ಪು ಮಾಡಿದವನು ಯಾರೂ ಇರುವುದಿಲ್ಲ, ತಪ್ಪು ತಾನಾಗಿಯೇ ಆಗಿರುತ್ತದೆ. ಆಮೇಲೆ ಚಾವಿ ತೆಗೆದು ದೊಡ್ಡವ್ವನ ಕಡೆ ಚಾಚಿದ. "ವೈನಿ, ಕವಚ ಗಿವಚ ಬ್ಯಾಡ. ಮೊದಲಿನಂಗ ನೀವೇ ಸಂಬಾಳಸ್ರಿ."

ದೊಡ್ಡವ್ವ ಚಾವಿ ಮುಟ್ಟಲಿಲ್ಲ. ಸವೆದ ಒಂದು ಚಮಚ ಎತ್ತಿಕೊಂಡು, ಅದರ ಹಳದಿ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದಳು.

"ನೀವು ಅಂದದ್ದು ಖರೇ ಅದರೀ, ಸಣ್ಣ ಅಯ್ನೋರ. ಇದರ ಮ್ಯಾಲಿನ ಬೆಳ್ಳಿ ನಾನೇ ತಗೊಂಡೀನಿ. ನಲವತ್ತು ವರ್ಷ ತಿಕ್ಕಿ ತಿಕ್ಕಿ ಈ ಕೈಲೇ ತಗೊಂಡೀನಿ. ಇನ್ನ ಉಳಿದದ್ದು ನೀವೇ ತಿಕ್ಕೊಳ್ರಿ."

ಚಮಚವನ್ನು ಅವನ ಮುಂದಿಟ್ಟು ಒಳಗೆ ಹೋದಳು. ಅವತ್ತು ಯಾರೂ ನಗಲಿಲ್ಲ. ಬಟ್ಟಲು ಮುಚ್ಚಿಕೊಂಡಿದ್ದ ಆ ಹೆಂಗಸು ಮಾತ್ರ ಪ್ರಸಾದದ ಸಾಲಿನಲ್ಲಿ ಮುಂದೆಯೇ ಕೂತು, ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡಳು.

ಊಟವಾದ ಮೇಲೆ ನಾನು ಗೆದ್ದವಳ ಹಾಗೆ ಅಡಿಗೆಮನೆಗೆ ಹೋದೆ. ದೊಡ್ಡವ್ವ ಒಲೆಯ ಮುಂದೆ ಕೂತಿದ್ದಳು. ನನಗೊಂದು ಒಳ್ಳೆಯ ಮಾತು ಸಿಗುತ್ತದೆಂದು ಆಸೆಯಿತ್ತು, ಯಾಕೆ ಸುಳ್ಳು ಹೇಳಲಿ. "ಎಲ್ಲಾರ ಬಾಯಿ ಮುಚ್ಚಿಸಿದೆ ನೋಡು, ದೊಡ್ಡವ್ವ. ಇನ್ನ ಮ್ಯಾಲೆ ಯಾರೂ ಏನೂ ಅನ್ನಂಗಿಲ್ಲ" ಅಂದೆ.

ಅವಳು ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು. "ಭಾಳ ಛಲೋ ಮಾಡಿದಿ, ಮಗಳ. ಖರೇನ ಛಲೋ ಮಾಡಿದಿ. ಆದ್ರ ಒಂದು ಹೇಳು ನನಗ. ಆ ಛಾಪ ಮೂರು ನಾಕರ ಮ್ಯಾಗ ಅಷ್ಟೇ ಉಳಿದಿತ್ತಲ್ಲ?"

"ಹೌದು."

"ಇನ್ನಾ ನಾಕು ವರ್ಷ ನಾ ತಿಕ್ಕಿದ್ದರ ಅವೂ ಅಳಿಸಿ ಹೋಗ್ತಿದ್ದವು. ಆವಾಗ ನಾ ಕಳ್ಳಿನೇ ಏನು?"

ಪಡಸಾಲೆಯಿಂದ ಕಾಕಾ ನೀರು ಬೇಕೆಂದು ಕೂಗಿದ. ದೊಡ್ಡವ್ವ ನನ್ನ ಉತ್ತರಕ್ಕೆ ಕಾಯುತ್ತಾ ಹಾಗೆಯೇ ಕೂತಿದ್ದಳು, ಏಳಲಿಲ್ಲ.